ಕಂಪ್ಯೂಟರಿಗೆ ಹಚ್ಚಿದ ಎಣ್ಣೆ

ಇವತ್ತು ಬೆಳಿಗ್ಗೆ ಚಾಳೀಸು ಹುಡುಕುತ್ತ ಮೇಜಿನ ಖಾನೆಗೆ ಕೈ ಹಾಕಿದೆ. ಚಾಳೀಸು ಹಣೆಯ ಮೇಲೇ ಇತ್ತು. ಖಾನೆಯಲ್ಲಿ ಸಿಕ್ಕಿದ್ದು ಅರ್ಧ ಸವೆದ ಒಂದು ರಬ್ಬರು, ಮಕ್ಕಳು ಪೆನ್ಸಿಲ್ ಬರಹ ಅಳಿಸುತ್ತಾರಲ್ಲ, ಅಂಥದ್ದು. ಒಂದು ಅಂಚು ಮಸಿಯಾಗಿದೆ. ಮೂಸಿ ನೋಡಿದರೆ ಈಗಲೂ ಹಳೇ ಕೊಬ್ಬರಿ ಎಣ್ಣೆಯ ವಾಸನೆ! ರಬ್ಬರು ಮೂಸಿ ನಗುವ ಮಾಸ್ತರನನ್ನು ಕಂಡರೆ ನೀವೇನು ಅಂದುಕೊಳ್ಳುತ್ತೀರಿ ಅಂತ ಗೊತ್ತು. ಆದರೂ ಸ್ವಲ್ಪ ಕೂತು ಕೇಳಿ. ಒಂದು ಕಾಲಕ್ಕೆ ನನ್ನ ಮರ್ಯಾದೆ ಉಳಿಸಿದ ರಬ್ಬರು ಇದು.

ನಮ್ಮ ಮನೆ ಕುಮಟೆಯ ಹತ್ತಿರದ ಬಾಡ ಊರಿನಲ್ಲಿ, ಸಮುದ್ರದಿಂದ ಒಂದು ಕೂಗಿನ ದೂರ. ಇಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಉಪ್ಪುಗಾಳಿ ಬೀಗ, ಬಿಜಾಗರಿ, ಸೈಕಲ್ಲಿನ ಚೈನು ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲು ಒಂದು ದಿನ ಅಪ್ಪ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ, ಕೈಯಲ್ಲಿ ಹಳೇ ಪಂಚೆಯ ಚೂರು ಹಿಡಿದು ಮನೆಯನ್ನೆಲ್ಲ ಸುತ್ತುತ್ತಾನೆ. ಕತ್ತಿ, ಗುದ್ದಲಿ, ಅಮ್ಮನ ಹೊಲಿಗೆ ಮಶಿನ್ನು, ಎಲ್ಲದಕ್ಕೂ ಅಭ್ಯಂಜನ. ಆ ದಿನ ಒಂದು ಕಡೆ ಅಲ್ಲಾಡದೆ ಕೂತರೆ ನಿನಗೂ ಹಚ್ಚಿಯಾನು ಅಂತ ಅಮ್ಮ ಹೇಳುವುದಿತ್ತು.

ಅಪ್ಪ ದೋಣಿಯ ತಾಂಡೇಲನಾಗಿದ್ದವ. ಎಲ್ಲಿ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಂದು ಹೇಳುವವನೇ ತಾಂಡೇಲ. ಜಿಪಿಎಸ್ ಬರುವ ಮೊದಲು ನೀರಡಿಯ ಕಲ್ಲುಗಳನ್ನು ಅವನು ದಡ ನೋಡಿಯೇ ಹುಡುಕುತ್ತಿದ್ದ. ಧಾರೇಶ್ವರದ ಕಡೆಯ ಬೋಳು ಗುಡ್ಡವೂ ದಂಡೆಯ ಒಂಟಿ ತಾಳೆಮರವೂ ಒಂದೇ ಗೆರೆಗೆ ಬಂದರೆ, ಅಲ್ಲಿ ಕೆಳಗೆ ಕಲ್ಲು, ಕಲ್ಲಿನ ಬುಡದಲ್ಲಿ ಇಸವಣ ಮೀನು. ಇಂಥ ಗುರುತುಗಳು ಅರವತ್ತಕ್ಕೂ ಹೆಚ್ಚು, ಎಲ್ಲವೂ ಅವನ ತಲೆಯೊಳಗೆ. ಎಂಟು ವರ್ಷದ ಹಿಂದೆ ಬೇಸಿಗೆಯಲ್ಲಿ ಎರಡು ತಿಂಗಳು ಅವನು ಹೇಳಿದ, ನಾನು ಕಂಪ್ಯೂಟರಿನಲ್ಲಿ ಬರೆದೆ. ಕೊನೆಕೊನೆಗೆ ಒಂದೊಂದು ಗುಡ್ಡದ ಹೆಸರು ಅವನಿಗೆ ತಪ್ಪತೊಡಗಿತ್ತು. ಮತ್ತೊಮ್ಮೆ ಹೇಳು ಅಂದರೆ ಹೇಳಲಾರ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಮುಗಿದ ದಿನ ಕೇಳಿದ್ದ: “ತಮಾ, ಅದ್ರಲ್ಲಿ ಮಾತ್ರ ಇಟ್ರೆ ಸಾಲೂದಿಲ್ಲ. ಲಂಗರಿಗೂ ಎರಡು ಹಗ್ಗ ಬೇಕು. ಇನ್ನೊಂದು ಪ್ರತಿ ಇಟ್ಟಿದ್ಯ?”

“ಇಟ್ಟಾತು ಅಪ್ಪಾ,” ಎಂದೆ.

ಇಟ್ಟಿರಲಿಲ್ಲ. ಭಾನುವಾರ ಇಟ್ಟರಾಯಿತು ಅಂತಿದ್ದೆ. ಭಾನುವಾರಗಳು ಬಂದವು, ಹೋದವು. ಸೋಮಾರಿಗೆ ವಾರದಲ್ಲಿ ಏಳು ನಾಳೆ.

ಅದೇ ವರ್ಷ ಮಳೆಗೆ ಇನ್ನೇನು ನಾಲ್ಕು ದಿನ ಇದೆ ಅನ್ನುವಾಗ ಒಂದು ಬೆಳಿಗ್ಗೆ ಗುಂಡಿ ಒತ್ತಿದೆ. ಒಳಗೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಬೀಪ್, ಬೀಪ್, ಬೀಪ್! ಮತ್ತೆ ಒತ್ತಿದೆ, ಮತ್ತೆ ಅದೇ ಮೂರು ಕೂಗು. ವಯರು ಕಿತ್ತು ಸಿಕ್ಕಿಸಿದೆ. ಬೇರೆ ಪ್ಲಗ್ಗಿಗೆ ಹಾಕಿದೆ. ಟಿವಿಗೆ ಬಡಿದ ಹಾಗೆ ಪೆಟ್ಟಿಗೆಯ ನೆತ್ತಿಗೊಂದು ಬಡಿದೆ. ಕರೆಂಟಿನವರನ್ನು ಬೈದೆ, ಗೋಡೆಯ ಮೇಲಿನ ಹಲ್ಲಿಯನ್ನೂ ಬೈದೆ. ಬೆವರು ಕಣ್ಣಿಗಿಳಿಯಿತು.

“ಎಂತ ಆತು ತಮಾ?” ಅಪ್ಪ ಬಾಗಿಲಲ್ಲಿ, ಕೈಯಲ್ಲಿ ಎಣ್ಣೆಯ ಬಟ್ಟಲು.

“ಎಂತದೂ ಇಲ್ಲ.”

“ಹೋದ್ರೂ ಅಡ್ಡಿಲ್ಲ ಬಿಡು. ಇನ್ನೊಂದು ಪ್ರತಿ ಇದ್ಯಲ.”

ಆ ಕ್ಷಣ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕುಮಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ವೀಣಾ ಅಕ್ಕೋರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದೆ.

“ಮಾಸ್ತರೇ, ಎಷ್ಟು ಸಲ ಕೂಗ್ತದೆ? ಉದ್ದವೋ, ಗಿಡ್ಡವೋ?”

ನಾನು ಬಾಯಿ ತೆಗೆಯುವ ಮೊದಲೇ ಅಪ್ಪ, “ಮೂರು. ಉದ್ದದ್ದು,” ಎಂದ. ಮಂಜಿನಲ್ಲಿ ಬೋಟಿನ ಹಾರ್ನ್ ಎಣಿಸಿದ ಕಿವಿ ಅದು.

“ಹಾಗಾದ್ರೆ ಮೆಮರಿ ಪಟ್ಟಿ. ನಂಗೆ ಕ್ಲಾಸಿದೆ, ಬರೂಕೆ ಆಗೂದಿಲ್ಲ. ಪ್ಲಗ್ಗು ಕಿತ್ತು ನೀವೇ ಪಟ್ಟಿ ಹೊರಗೆ ತೆಗೀರಿ. ಹೋದ ವರ್ಷ ನಾನು ತೆಗ್ದದ್ದು ನೋಡೀರಲ. ಅಂಚು ಹೆಂಗಿದೆ? ಉಪ್ಪುಗಾಳಿಗೆ ಕಪ್ಪಾಗಿದ್ಯ?”

ಸೆಕೆಗೆಂದು ನಾನು ಪೆಟ್ಟಿಗೆಯ ಪಕ್ಕದ ತಗಡನ್ನು ಯಾವಾಗಲೋ ತೆಗೆದಿಟ್ಟಿದ್ದೆ. ಪಟ್ಟಿ ಕಿತ್ತು ಬೆಳಕಿಗೆ ಹಿಡಿದೆ. “ಕಪ್ಪಿಲ್ಲ ಅಕ್ಕೋರೆ. ಮಿಂಚ್ತದೆ. ಎಂತದೋ ಜಿಡ್ಡು, ಮೇಲೆ ಧೂಳು.”

“ಎಣ್ಣೆ ಅದು,” ಎಂದ ಅಪ್ಪ. “ಅಕ್ಕೋರು ತೆಗ್ದ ಹಂಗೇ ಪಟ್ಟಿ ತೆಗ್ದು ನಾನೇ ಹಚ್ಚಿದ್ದು. ಉಪ್ಪುಗಾಳಿ ತಿಂತದೆ ಅಂತ ಹೋದ ವರ್ಷ ನೀವೇ ಹೇಳಿದ್ರಲ ಅಕ್ಕೋರೆ. ಮಳೆ ಬಪ್ಪು ಮೊದಲು ಹಚ್ಚಿಟ್ಟೆ. ತಪ್ಪಾತ?”

ಫೋನಿನಲ್ಲಿ ಇಡೀ ಕ್ಲಾಸಿನ ನಗೆ. “ತಪ್ಪಾತು ಅಜ್ಜಾ,” ಎಂದರು ಅಕ್ಕೋರು. “ಬಟ್ಟೆಯಿಂದ ಒರೆಸಿ, ರಬ್ಬರಿನಿಂದ ತಿಕ್ಕಿ, ಎರಡೂ ಬದಿ ಟಕ್ ಅನ್ನೂವರೆಗೆ ಒತ್ತಿ.”

ಶಾಲೆಯ ಚೀಲದಲ್ಲಿದ್ದ ರಬ್ಬರು ತೆಗೆದು ತಿಕ್ಕಿದೆ. ಒತ್ತಿದೆ. ಗುಂಡಿ ಹಾಕಿದೆ. ಬೀಪ್, ಬೀಪ್, ಬೀಪ್. “ಒಂದ್ ಬದಿ ಮಾತ್ರ ಟಕ್ ಅಂದಿದೆ, ಇನ್ನೊಂದ್ ಬದಿ ಅನ್ನಲೇ ಇಲ್ಲ,” ಎಂದ ಅಪ್ಪ. ಮತ್ತೆ ಪ್ಲಗ್ಗು ಕಿತ್ತು, ದೇವರನ್ನು ನೆನೆದು ಹೆಬ್ಬೆರಳಿನಿಂದ ಒತ್ತಿದೆ. ಟಕ್! ಗುಂಡಿ ಹಾಕಿದೆ.

ಬೀಪ್. ಒಂದೇ!

ಪರದೆ ಬೆಳಗಿತು. ನಾನು ಅಪ್ಪನನ್ನು ಹಿಡಿದು ಕುಣಿದೆ, ಅಪ್ಪ ಎಣ್ಣೆಯ ಬಟ್ಟಲು ಹಿಡಿದೇ ಕುಣಿದ, ಅಮ್ಮ ನೆಲ ಜಾರುತ್ತದೆ ಎಂದು ಕೂಗಿದಳು. ಗುರುತುಗಳೆಲ್ಲ ಇದ್ದವು, ಒಂಟಿ ತಾಳೆಮರದ ಸಮೇತ.

ಅಂದಿನಿಂದ ಈ ಕಥೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಕಂಪ್ಯೂಟರಿಗೆ ಎಣ್ಣೆ ಹಚ್ಚಿದ ಅಪ್ಪ! ಅಪ್ಪನೂ ಕೂತು ನಗುತ್ತಾನೆ. ಇವತ್ತು ರಬ್ಬರು ಹಿಡಿದು ಕೂತಾಗ ಹೊಳೆಯಿತು: ಅವನು ತನ್ನ ತಪ್ಪನ್ನು ಒಂದು ಉಸಿರಿನಲ್ಲಿ ಒಪ್ಪಿದ್ದ. ನಾನು ನನ್ನದನ್ನು ಎಂಟು ವರ್ಷ ಕಥೆಯಿಂದ ಹೊರಗಿಟ್ಟೆ. ನಾಚಿಕೆಯಾಯಿತು. ಎದ್ದು ಜಗಲಿಗೆ ಹೋದೆ.

“ಅಪ್ಪಾ, ಎಣ್ಣೆ ಹಚ್ಚಿದ ವರ್ಷ ಇನ್ನೊಂದು ಪ್ರತಿ ಇರಲೇ ಇಲ್ಲ. ಸುಳ್ಳು ಹೇಳಿದ್ದೆ.”

“ಅವತ್ತೇ ಗೊತ್ತಾತಲ,” ಎಂದ ಅಪ್ಪ, ಬೀಗಕ್ಕೆ ಎಣ್ಣೆ ಒರೆಸುತ್ತ. “ಪ್ರತಿ ಇದ್ದವ ಹಂಗೆ ಬೆವರ್ತ್ನ? ಈಗಾದ್ರೂ ಇದ್ಯ?”

“ಇಲ್ಲ ಅಪ್ಪಾ.”

ಒಳಗೆ ಓಡಿ ಅದೇ ಮುದಿ ಕಂಪ್ಯೂಟರಿನ ಗುಂಡಿ ಒತ್ತಿದೆ. ಬೀಪ್. “ಒಂದು,” ಎಂದು ಜಗಲಿಯಿಂದ ಲೆಕ್ಕ ಬಂತು. “ಹಾಂ, ಈಗ ಪ್ರತಿ ತೆಗ್ದು ನನ್ನ ಕೈಯಲ್ಲೇ ತಂದು ಕೊಡು. ಆತು ಅಂದ್ರೆ ನಂಬೂದಿಲ್ಲ ನಾನು.”