ಎರಡು ಗಂಟೆಗೊಮ್ಮೆ ತೆರೆಯುತ್ತಿದ್ದ ಬಾಗಿಲು

ಮಂಗಳವಾರ ಬೆಳಿಗ್ಗೆ ವಡೋದರಾ ರೈಲು ಹಿಡಿಯಬೇಕೆಂದು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಮನೆಯಿಂದ ಆರಕ್ಕೇ ಹೊರಟೆ. ಸ್ಟೇಷನ್ನಿಗೆ ಆಟೋದವನು ಐವತ್ತು ರೂಪಾಯಿ ಕೇಳಿ ನಲವತ್ತೈದಕ್ಕೆ ಒಪ್ಪಿದ. ಮೇ ತಿಂಗಳು. ಆ ಹೊತ್ತಿಗೇ ಅಂಗಿ ಬೆನ್ನಿಗೆ ಅಂಟುತ್ತಿತ್ತು.

ನಮ್ಮದು ಮೊಬೈಲ್ ಟವರುಗಳನ್ನು ನೋಡಿಕೊಳ್ಳುವ ಕಂಪನಿ. ಒಂದೊಂದು ಟವರಿಗೂ ಮೂರು ಮೊಬೈಲ್ ಕಂಪನಿಗಳ ಆಂಟೆನಾ. ಕೆಳಗಿನ ಜನರೇಟರ್, ಬ್ಯಾಟರಿ, ಎಸಿ ಕೋಣೆ ಮೂವರಿಗೂ ಸೇರಿದ್ದು. ನಾಲ್ಕು ತಿಂಗಳ ಹಿಂದೆ ಪ್ರತಿ ಕೋಣೆಯಲ್ಲೂ ಒಂದು ಪೆಟ್ಟಿಗೆ ಕೂರಿಸಿದ್ದೆವು. ಬಾಗಿಲು ತೆರೆದರೆ, ಕರೆಂಟು ಹೋದರೆ, ಒಳಗೆ ಬಿಸಿ ಏರಿದರೆ ಅಹಮದಾಬಾದಿನ ನಮ್ಮ ಪರದೆಯ ಮೇಲೆ ತಕ್ಷಣ ಗೊತ್ತಾಗುತ್ತಿತ್ತು. ಆ ಪರದೆ ಕಾಯುವವರು ಧಾರವಾಡದ ಕುಲಕರ್ಣಿ. ಹಿಂದಿನ ದಿನ ಅವರೇ ನನ್ನನ್ನು ಕರೆದು ತೋರಿಸಿದ್ದರು.

"ನೋಡ್ರಿಲ್ಲೆ, ವಡೋದರಾದ ಮಂಜಲ್‌ಪುರ ಟವರಿಂದು. ದಿನಾ ಎರಡೆರಡು ತಾಸಿಗೆ ಬಾಗಲಾ ತಗೀತದ. ಡೀಸೆಲ್ಲೂ ಹೆಚ್ಚಿಗಿ ಖರ್ಚಾಗ್ಲಿಕ್ಹತ್ತದ. ಆ ಕಾವಲುಗಾರ ಏನೋ ಆಟ ಹೂಡ್ಯಾನ. ನೀವು ಹೋಗಿ ಒಂದು ರಿಪೋರ್ಟ್ ಬರದ್ಬಿಡ್ರಿ, ಪೊಲೀಸರಿಗೆ ಕೊಡೋಣು."

ನಾನೂ ಹಾಗೇ ಅಂದುಕೊಂಡಿದ್ದೆ. ಸುಳ್ಳು ಯಾಕೆ, ವರದಿಯ ಮೊದಲೆರಡು ಸಾಲನ್ನು ರೈಲಿನಲ್ಲೇ ಬರೆದು ಮುಗಿಸಿದ್ದೆ.

ನೂರು ಕಿಲೋಮೀಟರಿಗೆ ಎರಡು ಗಂಟೆ. ವಡೋದರಾದಲ್ಲಿ ಇಳಿದು ಆಟೋಗೆ ಮೂವತ್ತು ರೂಪಾಯಿ ಕೊಟ್ಟು ಮಂಜಲ್‌ಪುರ ಸೇರಿದೆ. ಸಾಲುಮನೆಗಳ ಹಿಂದಿನ ಖಾಲಿ ಜಾಗದಲ್ಲಿ ಟವರು. ಕಾವಲುಗಾರ ಕನುಭಾಯಿಗೆ ಐವತ್ತು ದಾಟಿತ್ತು. ಪಕ್ಕದ ಮಕರ್‌ಪುರಾದ ಕಾರ್ಖಾನೆಯೊಂದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಮೊದಲು ನೀರು ಕೊಟ್ಟರು, ಆಮೇಲೆ ಸಾಸರಿನಲ್ಲಿ ಚಹಾ. ಗುಜರಾತಿ ಬೆರೆತ ಹಿಂದಿಯಲ್ಲಿ ಊರ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದವರು ಹತ್ತಕ್ಕೆ ಸರಿಯಾಗಿ ಗಡಿಯಾರ ನೋಡಿ ಎದ್ದರು. ಚಪ್ಪಲಿ ಬಿಟ್ಟು, ಎಸಿ ಕೋಣೆಯ ಬಾಗಿಲನ್ನು ಹಾರುಹೊಡೆದು ಒಳಗೆ ಹೋಗಿ ನಿಂತುಬಿಟ್ಟರು.

"ಅರೆ, ಬಾಗಿಲು ಹಾಕಿ!" ಎಂದೆ.

"ಹಾಕಿದರೆ ಕಾಣೋದು ಹೇಗೆ ಸಾಹೇಬ್? ಒಳಗಿನ ದೀಪ ಕೆಟ್ಟು ಎಷ್ಟು ದಿನವಾಯಿತು! ಮೂರು ಸಲ ಹೇಳಿ ಕಳಿಸಿದೆ."

ಅವರು ಗೋಡೆಯ ಥರ್ಮಾಮೀಟರ್ ಓದುತ್ತಿದ್ದರು. ಓದಿದ್ದನ್ನು ರಿಜಿಸ್ಟರಿನಲ್ಲಿ ಮುತ್ತಿನಂಥ ಗುಜರಾತಿ ಅಂಕಿಗಳಲ್ಲಿ ಬರೆದರು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಒಂದು ದಿನವೂ ತಪ್ಪಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ ನುಗ್ಗಿ ಎಸಿ ಬಿಡುವಿಲ್ಲದೆ ಓಡುತ್ತಿತ್ತು, ಕರೆಂಟು ಹೋದಾಗ ಆ ಹೊರೆಯೂ ಜನರೇಟರಿಗೆ ಬೀಳುತ್ತಿತ್ತು. ಡೀಸೆಲ್ ಹೋಗುತ್ತಿದ್ದುದು ಅಲ್ಲಿಗೆ.

"ಇದನ್ನೆಲ್ಲ ಬರೆಯಲು ಯಾರು ಹೇಳಿದ್ದು?"

ಅವರು ಗೋಡೆಗೆ ಅಂಟಿಸಿದ ಕಾಗದ ತೋರಿಸಿದರು. ಎರಡು ಗಂಟೆಗೊಮ್ಮೆ ಒಳಗಿನ ಉಷ್ಣತೆ ನೋಡಿ ತಪ್ಪದೆ ಬರೆಯತಕ್ಕದ್ದು ಎಂಬ ಆದೇಶ. ಪೆಟ್ಟಿಗೆ ಬರುವ ಮೂರು ವರ್ಷ ಮೊದಲಿನದು. ಕೆಳಗಿದ್ದ ಸಹಿ ನನ್ನದು. ಪೆಟ್ಟಿಗೆ ಕೂರಿಸಿದವರಿಗಾಗಲೀ ನನಗಾಗಲೀ ಅದನ್ನು ರದ್ದು ಮಾಡಬೇಕೆಂದು ಹೊಳೆದಿರಲಿಲ್ಲ.

ನಿಮ್ಮ ಮೇಲೆ ಅನುಮಾನವಿತ್ತು ಎಂದು ಅವರಿಗೆ ಹೇಳಿದೆ. ಕನುಭಾಯಿ ರಿಜಿಸ್ಟರ್ ಮುಚ್ಚಿ ಪಕ್ಕಕ್ಕಿಟ್ಟರು.

"ಕಳ್ಳ ಅಂತ ಬರೀಬೇಡಿ ಸಾಹೇಬ್. ಈ ಸಾಲುಮನೆಗಳ ಸೊಸೈಟಿಯಲ್ಲಿ ಎಲ್ಲರೂ ತಮ್ಮ ಮನೆ ಕೀಲಿ ನನ್ನ ಕೈಲಿ ಕೊಟ್ಟು ಊರಿಗೆ ಹೋಗ್ತಾರೆ."

ಸ್ಟೇಷನ್ನಿನ ಹತ್ತಿರ ಗಂಟೆಗೆ ಇಪ್ಪತ್ತು ರೂಪಾಯಿಯ ಸೈಬರ್ ಕೆಫೆಯಲ್ಲಿ ಕುಳಿತು ಹೊಸ ವರದಿ ಬರೆದು ಕಳಿಸಿದೆ. ಕಳ್ಳತನವಿಲ್ಲ, ಹಳೆಯ ಆದೇಶ ಉಳಿದುಕೊಂಡದ್ದೇ ತಪ್ಪು, ಅದು ನನ್ನದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಉಷ್ಣತೆಯನ್ನು ಪೆಟ್ಟಿಗೆಯೇ ತಿಳಿಸುವುದರಿಂದ ಅಲ್ಲಿ ಯಾರೂ ಬಾಗಿಲು ತೆರೆಯುವ ಅಗತ್ಯವಿಲ್ಲ ಎಂದೂ ಬರೆದೆ. ಅಚ್ಚುಕಟ್ಟಾಗಿ ಮುಗಿಸಿದೆನೆಂದು ಸಮಾಧಾನವೂ ಆಯಿತು.

ಬುಧವಾರ ಸೂರತ್. ಬಟ್ಟೆ ಮಾರುಕಟ್ಟೆಯ ಮಾಳಿಗೆಯ ಮೇಲಿನ ಟವರು, ಆಮೇಲೆ ತಾಪಿ ನದಿಯಾಚೆಯದು, ಎರಡರಲ್ಲೂ ಹೇಳುವಂಥದ್ದೇನಿರಲಿಲ್ಲ. ಮಧ್ಯಾಹ್ನ ಕುಂದಾಪುರದ ಶೆಟ್ಟರ ಹೋಟೆಲಿನಲ್ಲಿ ಸಾರನ್ನಕ್ಕೆ ಕೈ ಹಾಕಿದ್ದೆ, ಕುಲಕರ್ಣಿಯವರ ಫೋನು ಬಂತು.

"ನಿಮ್ಮ ರಿಪೋರ್ಟ್ ಮ್ಯಾಲಿನವ್ರಿಗೆ ಭಾಳ ಸೇರ್ತು ನೋಡ್ರಿ. ಯಾರೂ ಬಾಗಲಾ ತಗೀಬೇಕಾಗಿಲ್ಲಂದ್ರ ಮನಷ್ಯಾ ಯಾಕ ಬೇಕಂತ? ಒಂದನೇ ತಾರೀಖಿಂದ ಅಲ್ಲೆ ಕಾವಲುಗಾರ ಇಲ್ಲ."

"ಎಂತ ಮಾರಾಯ್ರೆ, ಅರ್ಧಕ್ಕೇ ಎದ್ರಲ್ಲ?" ಎಂದರು ಶೆಟ್ಟರು. ಹೊಟ್ಟೆ ಸರಿಯಿಲ್ಲ ಎಂದೆ. ಕುಲಕರ್ಣಿಯವರಿಗೆ ಮತ್ತೆ ಫೋನು ಹಚ್ಚಿ ಕೂಗಾಡಿದೆ. "ನಂದೇನದರೀ ಇದರಾಗ, ಬರದವ್ರು ನೀವು" ಎಂದರು.

ಗುರುವಾರ ಅಹಮದಾಬಾದಿಗೆ ವಾಪಸು. ರೈಲು ಹತ್ತುವಾಗ ಕನುಭಾಯಿ ಫೋನು ಮಾಡಿ ನನ್ನ ಬೋಗಿಯ ನಂಬರು ಕೇಳಿದರು, ಯಾಕೆಂದು ಹೇಳಲಿಲ್ಲ. ವಡೋದರಾದಲ್ಲಿ ಐದು ನಿಮಿಷದ ನಿಲುಗಡೆ. ಇಸ್ತ್ರಿ ಅಂಗಿ ತೊಟ್ಟು ಕಿಟಕಿಗಳನ್ನು ಎಣಿಸುತ್ತ ಬಂದರು. ಕೈಯಲ್ಲಿ ಖಾರದ ಅವಲಕ್ಕಿ ಚೂಡಾದ ಪೊಟ್ಟಣ. ಅವರಿಗಿನ್ನೂ ವಿಷಯ ಗೊತ್ತಿಲ್ಲವೆಂದುಕೊಂಡು ನಾನೇ ಹೇಳಿಬಿಡಬೇಕೆಂದು ಕಿಟಕಿಯತ್ತ ಬಗ್ಗಿದೆ.

"ಕನುಭಾಯಿ, ಒಂದನೇ ತಾರೀಖಿನಿಂದ..." ಎಂದು ಶುರುಮಾಡಿದೆ.

"ಗೊತ್ತು ಸಾಹೇಬ್, ನಿನ್ನೆ ಸಂಜೆಯೇ ಕಾಗದ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಸೊಸೈಟಿಯ ಮಾಸ್ತರರ ಹತ್ತಿರ ಎರಡು ಸಲ ಓದಿಸಿದೆ. ಕಳ್ಳ ಅಂತ ಎಲ್ಲೂ ಇಲ್ಲ." ಪೊಟ್ಟಣವನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿದರು. "ಅದಕ್ಕೇ ಇದು."