ಅಂಗೈಯಗಲದ ರೊಟ್ಟಿಯ ಯಂಕವ್ವ

ಯಲವಿಗಿ ಸ್ಟೇಷನ್ನಿನ ಗೇಟಿನ ಹೊರಗೆ ಇನ್ನೂ ಮಬ್ಬುಗತ್ತಲು. ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ಬರಲು ಸ್ವಲ್ಪ ಹೊತ್ತಿದೆ. ಯಂಕವ್ವ ಒಲೆಯ ಮುಂದೆ ನೆಲದ ಮೇಲೆ ಕಾಲು ಮಡಚಿ ಕುಳಿತು, ಸೀಳಿದ ಮೆಣಸಿನಕಾಯಿಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಒಂದೊಂದಾಗಿ ಎಣ್ಣೆಗೆ ಬಿಡುತ್ತಾಳೆ. ಮೊದಲ ಸುತ್ತಿನ ಮಿರ್ಚಿ ಭಜಿ ಬುಟ್ಟಿಗೆ ಬಿದ್ದದ್ದೇ ತಡ, ಮೈದುನನ ಹೆಂಡತಿ ಸುಶೀಲವ್ವ ಒಂದನ್ನೆತ್ತಿ, ಊದಿ ಊದಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅವಳ ದವಡೆ ಆಡುವುದನ್ನೇ ಯಂಕವ್ವ ನೋಡುತ್ತಾಳೆ. ನೋಡಿ, ಮುಖ ತಿರುಗಿಸಿ, ಬೇಕಿಲ್ಲದಿದ್ದರೂ ಒಲೆಗೆ ಇನ್ನೊಂದು ಕಟ್ಟಿಗೆ ತುರುಕುತ್ತಾಳೆ.

“ಸುಳ್ಳು ಯಾಕ ಹೇಳ್ಲಿ? ಅಕಿ ತಿನ್ನೂದು ನೋಡಿದ್ರ ನನಗ ಹೊಟ್ಟೆಕಿಚ್ಚು ಬರ್ತೈತ್ರಿ. ಎಷ್ಟು ತಿಂದ್ರೂ ಕಡ್ಡಿಯಂಗ ಅದಾಳ. ನಾನು ಬರೇ ವಾಸನಿ ಕುಡದ್ರ ಸಾಕು, ಮೈಗೆ ಹತ್ತತೈತಿ,” ಎನ್ನುತ್ತಾಳೆ ಮಾತಾಡಿಸಲು ಬಂದವರಿಗೆ.

ಯಂಕವ್ವನ ತವರು ದುಂಡಸಿ. ಗಂಡ ನೀಲಪ್ಪ ಸ್ಟೇಷನ್ನಿನಲ್ಲಿ ಹಮಾಲ. ಭಜಿ ಒಲೆ ಅತ್ತೆಯ ಕಾಲದ್ದು. ಅತ್ತೆ ಹೋದ ಮೇಲೆ ಅದರ ಮುಂದೆ ಯಂಕವ್ವ ಕುಳಿತಳು, ಕುಳಿತಲ್ಲೇ ಬೆಳೆದಳು. ಮುರಿದ ಭಜಿ, ಉಳಿದ ಭಜಿ ಎಲ್ಲ ಅವಳ ಪಾಲಿಗೆ. ಒಮ್ಮೆ ನೀಲಪ್ಪ ತಮಾಷೆಗೆಂದು ಅವಳನ್ನು ಪಾರ್ಸೆಲ್ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ಎರಡೂವರೆ ಮಣ, ಅಂದರೆ ತೊಂಬತ್ತು ಕಿಲೋ ಮೀರಿ ತೂಗಿದಳು. ಅಷ್ಟರಲ್ಲಾಗಲೇ ಮೊಣಕಾಲು ಸೋತಿದ್ದವು. ಕುಳಿತವಳನ್ನು ಎಬ್ಬಿಸಲು ಇಬ್ಬರು ಬೇಕಿತ್ತು. ಚಕ್ಕಡಿಯವರು ಅವಳನ್ನು ಕಂಡರೆ, “ನಾಕು ಎತ್ತು ಹೂಡಬೇಕೇನವಾ?” ಎಂದು ನಗುತ್ತಿದ್ದರು.

ಐವತ್ತೊಂಬತ್ತನೆಯ ಇಸವಿಯಲ್ಲಿ ಹೊಟ್ಟೆಯೊಳಗಿನ ಹುಣ್ಣು ಒಡೆದು ರಕ್ತ ಕಾರಿದಳು. ಸಿಕ್ಕ ರೈಲಿನಲ್ಲಿ ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಡಾಕ್ಟರು ಜಠರದ ಮುಕ್ಕಾಲು ಭಾಗ ಕೊಯ್ದು ತೆಗೆದರು. ಮನೆಗೆ ಕಳಿಸುವಾಗ ಹೇಳಿದ ಮಾತು ಅವಳಿಗೆ ಇಂದಿಗೂ ಬಾಯಿಪಾಠ: “ಹೊಟ್ಟಿ ನಾನು ಸಣ್ಣದು ಮಾಡೇನಿ. ಆಸೆ ನೀನ ಸಣ್ಣದು ಮಾಡ್ಕೋಬೇಕವಾ.”

ಮೊದಲ ವರ್ಷ ಆಸೆಯೇ ಇರಲಿಲ್ಲ. ಎರಡು ತುತ್ತಿಗೆ ಹೊಟ್ಟೆ ಬಿಗಿಯುತ್ತಿತ್ತು. ಮೈ ಇಳಿಯಿತು, ಮೊಣಕಾಲು ಹಗುರಾದವು. ಊರವರು ಮಾತ್ರ “ಪಾಪ, ಸೊರಗಿ ಹೋದ್ಳು” ಎಂದು ಮರುಗಿದರು. ಮೂರನೆಯ ವರ್ಷ ಹಸಿವು ಮರಳಿತು. ಸುಶೀಲವ್ವ ಮದುವೆಯಾಗಿ ಬಂದು ಒಲೆಯ ಪಕ್ಕ ನಿಂತದ್ದೂ ಅದೇ ವರ್ಷ.

“ಅಕಿ ಬಾಯಾಗ ಕರುಂ ಅಂದ್ರ ನನ್ನ ಕೈ ತಾನ ಬುಟ್ಟಿಗಿ ಹೋಗ್ತಿತ್ತು. ಅಕಿ ಏನು ಪುಣ್ಯಾ ಮಾಡ್ಯಾಳ, ನಾನೇನು ಪಾಪ ಮಾಡೇನಿ ಅಂತ ಸಿಟ್ಟು,” ಎನ್ನುತ್ತಾಳೆ ಯಂಕವ್ವ. ಚೂರು ಚೂರಾಗಿ ತಿಂದಳು, ಕದ್ದು ತಿಂದಳು. ಸೀರೆಯ ನೆರಿಗೆ ಕಡಿಮೆಯಾಗತೊಡಗಿತು. ನೀಲಪ್ಪ ಕರೆದರೂ ತಕ್ಕಡಿಯ ಹತ್ತಿರ ಸುಳಿಯಲಿಲ್ಲ.

ಆ ಸಲದ ಹೋಳಿ ಹುಣ್ಣಿವೆಗೆ ಸುಶೀಲವ್ವ ಒಲೆಯ ಹತ್ತಿರವೇ ಹೋಳಿಗೆ ತಂದು, ತುಪ್ಪದಲ್ಲಿ ಅದ್ದಿ, ಬೆರಳು ನೆಕ್ಕುತ್ತ ತಿಂದಳು. ಯಂಕವ್ವನ ಮೈಯೆಲ್ಲ ಉರಿಯಿತು. ಕೊಯ್ದ ಹೊಟ್ಟೆಗೆ ಬೆಲ್ಲ ಆಗಿಬರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಹಟಕ್ಕೆ ಬಿದ್ದು ಎರಡು ಹೋಳಿಗೆ ನುಂಗಿದಳು. ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟಿತು, ಬೆವರು ಹರಿಯಿತು, ಕಣ್ಣು ಕತ್ತಲಿಟ್ಟಿತು. ಕುದಿಯುವ ಬಾಣಲಿಯ ಕಡೆಗೇ ವಾಲಿದಳು. ಸುಶೀಲವ್ವ ಹಾರಿ ಬಂದು ತೋಳು ಹಿಡಿದು ಹಿಂದಕ್ಕೆಳೆದಳು. ಬಾಣಲಿ ಅಲುಗಿ, ಎಣ್ಣೆ ಸುಶೀಲವ್ವನ ಮುಂಗೈ ಮೇಲೆ ಚೆಲ್ಲಿತು.

ಸುಟ್ಟ ಕೈಗೆ ಯಂಕವ್ವನೇ ಮುಲಾಮು ಹಚ್ಚಿದಳು. ಹಚ್ಚುತ್ತಲೇ ಬೈದಳು: “ನನ್ನ ಮುಂದ ಹಂಗ್ಯಾಕ ತಿಂತಿ? ಉರಸಾಕಲ್ಲೇನು?”

“ಹೌದು, ಉರಸಾಕ!” ಎಂದು ಸುಶೀಲವ್ವ ಅತ್ತುಬಿಟ್ಟಳು. “ಯಕ್ಕಾ, ಮನಿ ಮಂದಿಯೆಲ್ಲಾ ನಿನಗ ‘ಉಂಡಿಯೇನು, ಏನುಂಡಿ’ ಅಂತ ಕೇಳ್ತಾರ. ನನಗ ಒಬ್ಬರರ ಕೇಳ್ಯಾರೇನು? ಎಷ್ಟು ತಿಂದ್ರೂ ಮೈ ಹಿಡಿವಲ್ದು. ಒಣಕಟಿಗಿ ಅಂತಾರ, ಇಕಿ ಏನು ಹಡೀತಾಳ ಅಂತಾರ. ನಿನ್ನ ಮೈ ನನಗ ಬಂದಿದ್ರ ಅಂತ ದಿನಾ ಅನಕೋತೇನಿ.”

ತಾನು ತಕ್ಕಡಿಗೂ ತೋರಿಸಲು ಹೆದರುತ್ತಿದ್ದ ಮೈಗೆ ಇನ್ನೊಬ್ಬಳು ಆಸೆಪಡುತ್ತಾಳೆಂದು ಯಂಕವ್ವ ಕನಸಿನಲ್ಲೂ ಎಣಿಸಿರಲಿಲ್ಲ. ಆ ರಾತ್ರಿ ಸುಶೀಲವ್ವನ ತಾಟಿಗೆ ತಾನೇ ಬಡಿಸಿದಳು. ಮರುದಿನ ಬೆಳಿಗ್ಗೆ ಹೋಗಿ ತಕ್ಕಡಿಯ ಮೇಲೆ ನಿಂತಳು. ಇಳಿದಿದ್ದ ತೂಕ ಮತ್ತೆ ಏರಿ ಎರಡು ಮಣ ಮುಟ್ಟಿತ್ತು.

ಅಲ್ಲಿಂದ ಇಳಿಸಿದ್ದು ಯಾವ ಡಾಕ್ಟರೂ ಅಲ್ಲ. ಅಂಗೈಯಗಲದ ಜೋಳದ ರೊಟ್ಟಿ, ಮೇಲೆ ಪಲ್ಲೆ, ಒಂದಿಷ್ಟು ಮೊಸರು. ಊಟದ ನಡುವೆ ನೀರಿಲ್ಲ. ತುತ್ತು ಬಾಯಲ್ಲೇ ನುಣ್ಣಗಾಗಬೇಕು. ಸಂಜೆ ಹೊಲದ ದಾರಿಯಲ್ಲಿ ಒಂದು ಸುತ್ತು ನಡಿಗೆ. ವಾರಕ್ಕೊಮ್ಮೆ ನೀಲಪ್ಪನ ತಕ್ಕಡಿ. ಹಬ್ಬವಿರಲಿ, ಮದುವೆಯಿರಲಿ, ಇದು ತಪ್ಪುವುದಿಲ್ಲ. ತೂಕ ಒಂದೂವರೆ ಮಣದ ಆಸುಪಾಸಿಗೆ ಬಂದು ನಿಂತು ಈಗ ಎರಡು ವರ್ಷವಾಗಿದೆ. ಭಜಿಗೆ ಉಪ್ಪು ಹದವಾಗಿದೆಯೇ ಎಂದು ರುಚಿ ನೋಡುವುದು ಸುಶೀಲವ್ವನ ಕೆಲಸ. ಆಪರೇಷನ್ ಆದ ಮೇಲೆ ಸುಮ್ಮನೆ ಇಳಿಯಿತಲ್ಲ ಎನ್ನುವವರಿಗೆ ಯಂಕವ್ವ ಹೇಳುತ್ತಾಳೆ: “ಅವರು ಕೊಯ್ದದ್ದು ಒಂದು ಸಲ. ನಾನು ದಿನಾ ಕೊಯ್ಕೋತೇನ್ರಿ.”

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ನಗುತ್ತಾಳೆ. “ಎಲ್ಲೀದು! ಈಗ ಅಕಿ ಬಸರಿ ಅದಾಳ. ಇಬ್ಬರ ಪಾಲಿಂದು ತಿಂತಾಳ. ನೋಡಾಕ ಆಗವಲ್ದು.”

ರೈಲು ಸಿಳ್ಳೆ ಹಾಕುತ್ತದೆ. ಬುಟ್ಟಿ ಹೊತ್ತು ಕಿಟಕಿಗಳತ್ತ ಹೋಗುವ ಪಾಳಿ ಈಗ ಯಂಕವ್ವನದೇ. ಬಸುರಿಯನ್ನು ಆ ನೂಕುನುಗ್ಗಲಿಗೆ ಅವಳು ಬಿಡುವುದಿಲ್ಲ. ಅವಳನ್ನು ಎಬ್ಬಿಸಲೆಂದು ಸುಶೀಲವ್ವ ಅಭ್ಯಾಸಬಲದಿಂದ ಕೈ ಚಾಚುತ್ತಾಳೆ. ಆ ಕೈ ಹಿಡಿಯದೆ, ನೆಲಕ್ಕೂ ಕೈ ಊರದೆ, ಯಂಕವ್ವ ಒಂದೇ ಏಟಿಗೆ ಎದ್ದು ನಿಲ್ಲುತ್ತಾಳೆ.

“ನನಗ ಬ್ಯಾರೆ ಏನೂ ಬ್ಯಾಡ್ರಿ,” ಎನ್ನುತ್ತಾಳೆ ಬುಟ್ಟಿ ಸೊಂಟಕ್ಕೇರಿಸುತ್ತ. “ಸಾಯೂತನಕ ಹಿಂಗ ಎದ್ದು ನಿಂದ್ರಬೇಕು. ಅದೂ ಅಕಿ ನೋಡಾಕತ್ತಾಗ.”