ಕರಿಕಲ್ಲಿನ ಗೋಡೆಯೂ ಚಂದ್ರಕುಮಾರರ ಸಂಬಳವೂ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಗುಂಡ್ಲುಪೇಟೆ ಕಡೆಯ ಒಂದು ಕರಿಕಲ್ಲಿನ ಕ್ವಾರಿ. ಅದರ ಅಂಚಿನಲ್ಲಿ ಗಣಿ ಇಂಜಿನಿಯರ್ ಚಂದ್ರಕುಮಾರ್ ಮಂಡಿಯೂರಿ ಟಾರ್ಚು ಬಿಡುತ್ತಿದ್ದಾರೆ. ಬಂಡೆಯ ನೆತ್ತಿಯ ಮೇಲೆ ಕೂದಲೆಳೆಯಂಥ ಬಿರುಕೊಂದು ಅಂಚಿನುದ್ದಕ್ಕೂ ಓಡಿದೆ. ಅದಕ್ಕೆ ಅಡ್ಡಲಾಗಿ ಅಂಗೈಯಗಲ ಸಿಮೆಂಟಿನ ಪಟ್ಟಿ ಮೆತ್ತಿದ್ದಾರೆ. ಬಂಡೆ ಸರಿದರೆ ಮೊದಲು ಒಡೆಯುವುದು ಆ ಪಟ್ಟಿ. ಇವತ್ತು ಒಡೆದಿದೆ. ಕೆಳಗೆ ಎರಡು ತೆಂಗಿನಮರದಷ್ಟು ಆಳ.

"ಈ ಮಗ್ಗುಲಿಗೆ ಯಾರೂ ಇಳೀಬೇಡಿ. ಆಚೆ ಮಗ್ಗುಲಲ್ಲಿ ಮಾಡನ," ಅನ್ನುತ್ತಾರೆ.

ಮೇಸ್ತ್ರಿ ರಂಗಸ್ವಾಮಿ ಬೀಡಿ ಹೊಸಕಿ ಏಳುತ್ತಾರೆ. "ಆಚೆ ಬರೀ ಚೂರು ಕಲ್ಲು ಸಾರ್. ನಿಮ್ಗೇನು, ಕಲ್ಲೆದ್ರೂ ಸಂಬ್ಳ, ಏಳ್ದಿದ್ರೂ ಸಂಬ್ಳ. ನಮ್ಗೆ ದಿಮ್ಮಿ ಎದ್ರೇ ಕೂಲಿ."

ಆ ಸಂಬಳ ತಿಂಗಳಿಗೆ ಇಪ್ಪತ್ತೇಳು ಸಾವಿರ. ಒಳ್ಳೆ ದಿಮ್ಮಿ ಎದ್ದ ತಿಂಗಳು ರಂಗಸ್ವಾಮಿಯವರ ಕೈಗೂ ಹತ್ತಿರಹತ್ತಿರ ಅಷ್ಟೇ ಬರುತ್ತದೆ. ಚಂದ್ರಕುಮಾರ್ ಕುದೇರಿನ ಕೂಲಿ ಮನೆಯವರು. ದೂರದ ದೊಡ್ಡ ಗಣಿಗಳಲ್ಲಿ ಇದರ ಎರಡರಷ್ಟು ಕೊಡುತ್ತಾರೆಂದು ಅವರಿಗೂ ಗೊತ್ತು. ತಾಯಿ ಚಿಕ್ಕಮಾದಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಇಲ್ಲೇ ಉಳಿದರು.

ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯವರಿಗೆ ಐದು ಸಾವಿರ, ಇವರಿಗೆ ಏಳು. ಇಂಜಿನಿಯರ್ ಅಂತ ಬಾಯಿ ಬಿಟ್ಟದ್ದೇ ತಪ್ಪಾಯಿತು. ತಾಯಿಯ ಮಾತ್ರೆ, ಮಗಳ ಶಾಲೆ, ಗ್ಯಾಸು, ಕ್ವಾರಿಗೆ ಓಡಾಡುವ ಬೈಕಿನ ಪೆಟ್ರೋಲು ಕಳೆದರೆ ಇಪ್ಪತ್ತನೇ ತಾರೀಕಿಗೆ ಕೈ ಖಾಲಿ. ಹೆಂಡತಿ ಶಾಂತಿ ನಗುತ್ತಲೇ ಹೇಳುತ್ತಾರೆ: "ಸಂತೇಲಿ ಟೊಮೊಟೊ ಚೌಕಾಸಿ ಮಾಡುದ್ರೆ, ಇಂಜಿನಿಯರ್ ಎಂಡ್ತಿ ನೀನೇ ಇಂಗಂದ್ರೆ ಎಂಗವ್ವಾ ಅಂತಾರೆ. ಕೊನೆ ವಾರ ನಮ್ಮನೇಲಿ ಬರೀ ಉರುಳಿಕಾಳು ಸಾರು ಅಂತ ಅವರ್ಗೇನ್ ಗೊತ್ತು."

ಕೈಯಲ್ಲಿ ಉಳಿ ಹೊಡೆದು ಕಲ್ಲೆಬ್ಬಿಸುತ್ತಿದ್ದ ಕಾಲದಲ್ಲಿ ಬಂಡೆ ಇಷ್ಟು ನೆಟ್ಟಗೆ ಗೋಡೆಯಂತೆ ನಿಲ್ಲುತ್ತಿರಲಿಲ್ಲ. ಈಗ ತಂತಿ ಗರಗಸ ಬಂಡೆಯನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಗೋಡೆ ಬಿದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಇಳಿಯಬಹುದು ಎಂದು ಹೇಳಬೇಕಾದವರು ಇಂಜಿನಿಯರ್.

ಹಾಗೆ ಹೇಳಿದ ಒಂದು ದಿನ ಚಂದ್ರಕುಮಾರರ ನಿದ್ದೆ ಕೆಡಿಸಿದೆ. ಕಳೆದ ಕಾರ್ತಿಕ ಸೋಮವಾರ ಹೊಸ ಸಾಲು ಕೊಯ್ಯುವ ಮೊದಲು ಮಾದಪ್ಪನ ಹೆಸರಲ್ಲಿ ಬಂಡೆಗೆ ಪೂಜೆಯಿತ್ತು. ನೀರು ಹೊತ್ತು ಕಸ ಗುಡಿಸುವ ಪುಟ್ಟಬಸಮ್ಮ ಹಿಂದಿನ ಸಂಜೆಯೇ ಅಂಚು ತೊಳೆದಿದ್ದರು. ಬೆಳಿಗ್ಗೆ ಪಟ್ಟಿ ನೋಡಿದರೆ ಇಡಿಯಾಗಿದೆ, ಮೇಲೆ ಮೂರೆಳೆ ವಿಭೂತಿ. ಚಂದ್ರಕುಮಾರ್ ಕೈಮುಗಿದು ಎಲ್ಲರನ್ನೂ ಇಳಿಸಿದರು.

ಮಧ್ಯಾಹ್ನ ಪುಟ್ಟಬಸಮ್ಮ ನೀರು ಕೊಡುತ್ತ ಅಂದರು: "ನಿನ್ ಪಟ್ಟಿ ಒಡ್ದೋಗಿತ್ತು ಕಣಪ್ಪ. ಒಡಕಿನ ಮ್ಯಾಲೆ ಮಾದಪ್ಪನ್ನ ಎಂಗ್ ಪೂಜೆ ಮಾಡದು ಅಂತ ಚೂರು ಸಿಮೆಂಟು ಕಲಸಿ ಮೆತ್ಬುಟ್ಟೆ."

"ಚೊಂಬು ಅಲ್ಲೇ ಬಿಸಾಕ್ದೆ," ಅನ್ನುತ್ತಾರೆ ಚಂದ್ರಕುಮಾರ್. "ಸೀಟಿ ಊದ್ದೆ. ಕೂಗಿ ಕೂಗಿ ಎಲ್ಲರ್ನೂ ಮ್ಯಾಲಕ್ಕೆ ಅತ್ತಿಸ್ದೆ. ಆಯಮ್ಮನ್ನ ಬೈಯ್ಯಕ್ಕಾದದಾ? ಆ ಪಟ್ಟಿ ಯಾಕೆ ಅಂತ ನಾನೇ ಯಾರ್ಗೂ ಯೋಳಿರ್ನಿಲ್ಲ."

ಈಗ ಎಲ್ಲರಿಗೂ ಹೇಳಿದ್ದಾರೆ. ಆದರೆ ಗೋಡೆ ಮಾತ್ರ ಬಿದ್ದಿಲ್ಲ. ಹೊಸ ಪಟ್ಟಿ ಮೆತ್ತಿದರೆ ನಾಲ್ಕೈದು ದಿನಕ್ಕೆ ಒಡೆಯುತ್ತದೆ, ಗೋಡೆ ನಿಂತೇ ಇರುತ್ತದೆ. ಒಳ್ಳೆಯ ಕಲ್ಲೆಲ್ಲ ಅದರ ಬುಡದಲ್ಲಿದೆ. ಮ್ಯಾನೇಜರ್ ಗಂಗಾಧರಸ್ವಾಮಿ ದನಿ ಏರಿಸದೆ ಹೇಳಿ ಹೋಗಿದ್ದಾರೆ: "ಅಮಾಸೆ ಕಳೀಲಿ ಇಂಜಿನಿಯರೇ. ಆಮ್ಯಾಲೂ ಆ ಮಗ್ಗುಲು ತೆಗೀನಿಲ್ಲ ಅಂದ್ರೆ ತೆಗೆಯೋರ್ನ ಕರ್ಕೊ ಬತ್ತೀವಿ."

ತಾವು ಹೋದ ಮೇಲೆ ಬರುವವರು ಬಿರುಕಿನ ಕಡೆ ನೋಡುತ್ತಾರೋ ಇಲ್ಲವೋ ಎಂಬುದೇ ಚಂದ್ರಕುಮಾರರಿಗೆ ಸಂಬಳಕ್ಕಿಂತ ದೊಡ್ಡ ದಿಗಿಲು.

ಬಿಸಿಲು ಏರುತ್ತಿದೆ. ಆಚೆ ಮಗ್ಗುಲಿಂದ ರಂಗಸ್ವಾಮಿ ಕೂಗುತ್ತಾರೆ: "ಸಾರ್, ನಿಮ್ ಗೋಡೆ ಇವತ್ತೂ ಗಟ್ಟಿಯಾಗಿ ನಿಂತದೆ." ಕೆಳಗಿದ್ದವರು ನಗುತ್ತಾರೆ. ಚಂದ್ರಕುಮಾರರೂ ನಗುತ್ತಾರೆ. ಆಮೇಲೆ, ಕೆಳಗಿನವರಿಗೆ ಕೇಳದಂತೆ, ಹೇಳುತ್ತಾರೆ:

"ಬಿದ್ದೋಗ್ಲಿ ಅಂತ್ಲೇ ಮಾದಪ್ಪನ್ನ ಬೇಡ್ಕತ್ತೀನಿ. ಅಮಾಸೆಗೆ ಮುಂಚೆ ಒಂದು ಭಾನುವಾರ ಅದೆ. ರಜ. ಆವತ್ತು ಬೀಳ್ಲಿ."